ಸ್ಕಾಟ್ಲೆಂಡಿನಲ್ಲಿ ಊಟ: ಗಡಿಯಾರ ಮೊದಲು, ಮೆನು ಆಮೇಲೆ

ಪ್ರಶ್ನೆ: ಮಗಳು ಗ್ಲಾಸ್ಗೋದಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್ ಕೊನೆಗೆ ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗ ಶಿವಮೊಗ್ಗದಿಂದ ಹೊರಟಿದ್ದೇವೆ. ಒಂಬತ್ತು ದಿನ, ಬಾಡಿಗೆ ಕಾರು. ಗ್ಲಾಸ್ಗೋದಿಂದ ಓಬನ್, ಸ್ಕೈ ದ್ವೀಪ, ಇನ್ವರ್ನೆಸ್, ಕೊನೆಗೆ ಎಡಿನ್‌ಬರೋ. ನಾನು ಮೀನು, ಕೋಳಿ ತಿನ್ನುತ್ತೇನೆ. ದನ, ಹಂದಿ ಇಲ್ಲ. ಹೆಂಡತಿಗೆ ಮೊಟ್ಟೆಯೂ ಆಗದು. ದಾರಿಯುದ್ದಕ್ಕೂ ಎಲ್ಲೆಲ್ಲಿ ತಿನ್ನಬಹುದು? ರೆಡಿಮೇಡ್ ಉಪ್ಪಿಟ್ಟಿನ ಪೊಟ್ಟಣಗಳನ್ನು ಹೊತ್ತುಕೊಂಡು ಬರಬೇಕೆ?

ಉತ್ತರ: ಪೊಟ್ಟಣ ನಾಲ್ಕೈದು ಸಾಕು, ಅದಕ್ಕೇ ಒಂದು ಪೆಟ್ಟಿಗೆ ಬೇಡ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ಬ್ರಿಟನ್ನಿಗೆ ಒಯ್ಯುವ ಹಾಗಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡ, ಪನೀರ್ ಇರುವ ಪೊಟ್ಟಣಗಳನ್ನು ಮನೆಯಲ್ಲೇ ಬಿಡಿ. ಚಟ್ನಿಪುಡಿ ತನ್ನಿ, ಅದರ ಉಪಯೋಗ ಮುಂದೆ ಹೇಳುತ್ತೇನೆ.

ಸ್ಕಾಟ್ಲೆಂಡಿಗೆ ಬಂದ ನಮ್ಮವರು ಹಸಿದು ಮಲಗುವುದು ಸಸ್ಯಾಹಾರ ಸಿಗದೆ ಅಲ್ಲ, ಹೊತ್ತು ಮೀರಿ. ನಗರಗಳ ಹೊರಗೆ ಮಧ್ಯಾಹ್ನದ ಊಟ 12ರಿಂದ ಎರಡು, ಎರಡೂವರೆಯವರೆಗೆ. ರಾತ್ರಿಯದು ಸಂಜೆ ಐದೂವರೆ ಆರಕ್ಕೆ ಶುರುವಾಗಿ ಎಂಟು, ಹೆಚ್ಚೆಂದರೆ ಎಂಟೂವರೆಗೆ ಮುಗಿಯುತ್ತದೆ. ಪಬ್ಬಿನ ದೀಪ ಹನ್ನೊಂದರವರೆಗೂ ಉರಿಯುತ್ತಿರುತ್ತದೆ, ಒಳಗೆ ಜನ ಗಲಗಲ ಎನ್ನುತ್ತಿರುತ್ತಾರೆ, ಆದರೆ ಒಲೆ ಆರಿರುತ್ತದೆ. ಒಂಬತ್ತಕ್ಕೆ ಊಟಕ್ಕೆ ಕೂತು ಅಭ್ಯಾಸವಾದವರಿಗೆ ಅಲ್ಲಿ ಸಿಗುವುದು ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಒಂದೇ. ಗೂಗಲ್ ಮ್ಯಾಪಿನಲ್ಲಿ ಕಾಣುವ ಸಮಯ ಹೆಚ್ಚಾಗಿ ಪಬ್ಬಿನದು, ಅಡುಗೆಮನೆಯದಲ್ಲ. ಹೋಟೆಲಿನ ಸ್ವಂತ ಪುಟದಲ್ಲಿ 'ಫುಡ್ ಸರ್ವ್ಡ್' ಎಂದು ಬೇರೆ ಸಮಯ ಕೊಟ್ಟಿರುತ್ತಾರೆ, ಅದನ್ನು ನೋಡಿ. ಹಳ್ಳಿಗಾಡಿನಲ್ಲಿ ಸಂಜೆ ಆರೂವರೆಗೆ ಮೇಜು ಕಾದಿರಿಸುವುದು ರೂಢಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪಿತು. ಅಂದಹಾಗೆ, ಯಾರಾದರೂ 'ಟೀಗೆ ಬನ್ನಿ' ಎಂದರೆ ಅದು ಬರೀ ಚಹಾ ಆಗಿರಬೇಕೆಂದಿಲ್ಲ. ಸಂಜೆಯ ಊಟವನ್ನೂ ಇಲ್ಲಿ ಅನೇಕರು 'ಟೀ' ಎಂದೇ ಕರೆಯುತ್ತಾರೆ.

ನೀವು ಬರುವ ಕಾಲವೂ ಹೊಸ್ತಿಲ ಮೇಲಿನದು. ಸಮುದ್ರದ ದಂಡೆಯ ಗೂಡಂಗಡಿಗಳು, ದ್ವೀಪದ ಸಣ್ಣ ಕೆಫೆಗಳು ಸೆಪ್ಟೆಂಬರ್ ಕೊನೆಯಿಂದ ಒಂದೊಂದಾಗಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಈಸ್ಟರ್ ಹೊತ್ತಿಗೆ. ತೆರೆದಿರುವವೂ ಸೋಮವಾರ, ಮಂಗಳವಾರ ರಜೆ ಹಾಕುವುದುಂಟು. ಇಲ್ಲಿ ನಾನು ಹೇಳುವ ಯಾವ ಜಾಗಕ್ಕೇ ಆಗಲಿ, ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಫೋನ್ ಮಾಡಿಯೇ ಕಾರು ತಿರುಗಿಸಿ.

ಇನ್ನು ನಿಮ್ಮ ಮನೆಯವರ ಊಟ. ಅಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಸೇರಿಯೇ. ಪಾಸ್ತಾ, ಕೀಶ್, ಕೇಕು, ಮೇಯನೇಸು ಎಲ್ಲದರಲ್ಲೂ ಮೊಟ್ಟೆ ಇರಬಹುದು. ಕ್ವಾರ್ನ್ ಕಂಪನಿಯ ಸಸ್ಯಾಹಾರಿ ಸಾಸೇಜುಗಳಲ್ಲೂ ಹಲವಕ್ಕೆ ಮೊಟ್ಟೆಯ ಬಿಳಿ ಬೀಳುತ್ತದೆ. 'ಮೊಟ್ಟೆ ಬೇಡ, ಹಾಲು ಮೊಸರು ಆಗುತ್ತದೆ' ಎಂದು ವಿವರಿಸಲು ಹೋದರೆ ಬಡಿಸುವ ಹುಡುಗ ತಬ್ಬಿಬ್ಬಾಗುತ್ತಾನೆ, ಏಕೆಂದರೆ ಅಂಥ ಒಂದು ವರ್ಗವೇ ಅವರ ಲೆಕ್ಕದಲ್ಲಿಲ್ಲ. ಸುಲಭದ ದಾರಿ: 'ವೀಗನ್' ಕೇಳಿ, ಅಂದರೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ ಊಟ. ಮೆನುವಿನಲ್ಲಿ 'ವಿಜಿ' ಅಥವಾ 'ವಿಇ' ಎಂಬ ಗುರುತಿರುತ್ತದೆ. ಬರೀ 'ವಿ' ಇದ್ದರೆ ವೆಜಿಟೇರಿಯನ್ ಅಷ್ಟೇ. ವೀಗನ್ ಎಂದೊಡನೆ ಮೊಟ್ಟೆ, ಜೆಲಟಿನ್, ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಿದ ಚೀಸ್ ಎಲ್ಲವೂ ಒಂದೇ ಏಟಿಗೆ ಹೊರಬೀಳುತ್ತವೆ. ಆಮೇಲೆ ಬೇಕಾದರೆ ಬೆಣ್ಣೆಯನ್ನೋ ಕೆನೆಯನ್ನೋ ಮೇಲಿಂದ ಕೇಳಿ ಹಾಕಿಸಿಕೊಳ್ಳಬಹುದು. ಇದರ ಜೊತೆಗೆ, 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡುವುದು ಅಲ್ಲಿ ಕಾನೂನು. ಮೊಟ್ಟೆ, ಮೀನು ಎರಡೂ ಆ ಪಟ್ಟಿಯಲ್ಲಿವೆ. 'ಅಲರ್ಜೆನ್ ಶೀಟ್ ಇದೆಯೇ' ಎಂದು ಕೇಳಿದರೆ ಪ್ರತಿ ತಿನಿಸಿನ ಮುಂದೆ ಗುರುತು ಹಾಕಿದ ಕಡತವನ್ನೇ ತಂದಿಡುತ್ತಾರೆ. ಆದರೆ ಆ ಪಟ್ಟಿಯಲ್ಲಿ ಮಾಂಸದ ಕೊಬ್ಬಾಗಲಿ ಎಲುಬಿನ ಸಾರಾಗಲಿ ಬರುವುದಿಲ್ಲ. ನಮ್ಮವರು ಎಡವುವುದು ಅಲ್ಲೇ.

ಬೇಳೆ ಸೂಪನ್ನೇ ತೆಗೆದುಕೊಳ್ಳಿ. ಕೆಂಪು ಮಸೂರ ಬೇಳೆ, ಕ್ಯಾರೆಟ್, ಈರುಳ್ಳಿ. ನೋಡಿದರೆ ನಮ್ಮ ತೊವ್ವೆಯ ತಂಗಿ. ಆದರೆ ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ಅದನ್ನು ಹಂದಿಯ ಕಾಲಿನ ಎಲುಬು ಕುದಿಸಿದ ನೀರಿನಲ್ಲಿ ಬೇಯಿಸುತ್ತಾರೆ. ಆ ಎಲುಬಿಗೆ 'ಹ್ಯಾಮ್ ಹಾಕ್' ಎಂದು ಹೆಸರು. ಕೆಫೆಯ ಕರಿಹಲಗೆಯ ಮೇಲೆ 'ಲೆಂಟಿಲ್ ಸೂಪ್' ಎಂದಷ್ಟೇ ಬರೆದಿದ್ದರೆ 'ಈಸ್ ಇಟ್ ವೆಜಿಟೇಬಲ್ ಸ್ಟಾಕ್?' ಎಂದು ಕೇಳಲೇಬೇಕು. ಇದು ನಿಮಗೂ ಅನ್ವಯಿಸುತ್ತದೆ, ಹಂದಿ ಬೇಡ ಎಂದಿದ್ದೀರಲ್ಲ. ಸ್ಟೋವೀಸ್ ಎಂಬ ಆಲೂಗಡ್ಡೆ ಪಲ್ಯ ದನದ ಕೊಬ್ಬಿನಲ್ಲಿ ಆಗುತ್ತದೆ. ಓಟ್ಸನ್ನು ಈರುಳ್ಳಿ ಜೊತೆ ಹುರಿದ ಸ್ಕರ್ಲಿಯೂ ಬಹಳ ಕಡೆ ಹಾಗೆಯೇ. ಕ್ಲೂಟಿ ಡಂಪ್ಲಿಂಗ್ ಎಂಬ ಒಣದ್ರಾಕ್ಷಿಯ ಸಿಹಿಗೆ ಸೂಯೆಟ್ ಬೀಳುತ್ತದೆ, ಅದು ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಬೇಕರಿಯ ಮ್ಯಾಕರೋನಿ ಪೈ ಒಳಗೆ ಚೀಸು, ಪಾಸ್ತಾ ಅಷ್ಟೇ. ಆದರೆ ಹೊರಗಿನ ಗಟ್ಟಿ ಹಿಟ್ಟಿನ ಬಟ್ಟಲಿಗೆ ಪ್ರಾಣಿಯ ಕೊಬ್ಬು ಹಾಕುವವರಿದ್ದಾರೆ. ಪಾರ್ಮಿಸಾನ್ ಚೀಸಿಗೆ ಕರುವಿನ ರೆನೆಟ್, ವೂಸ್ಟರ್ ಸಾಸಿಗೆ ಆಂಚೋವಿ ಮೀನು.

ಇಷ್ಟೆಲ್ಲ ಹೆದರಿಸಿದ ಮೇಲೆ ಒಳ್ಳೆಯ ಸುದ್ದಿ: ಹ್ಯಾಗಿಸ್ ತಿನ್ನುವ ಭಾಗ್ಯ ನಿಮ್ಮ ಹೆಂಡತಿಗಿದೆ. ಮೂಲ ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ ಓಟ್ಸು, ಸೂಯೆಟ್ಟು, ಮೆಣಸಿನ ಜೊತೆ ಬೇಯಿಸಿದ್ದು. ಸೂಯೆಟ್ಟು ದನದ್ದೂ ಆಗಿರಬಹುದಾದ್ದರಿಂದ ನೀವು ಕೇಳಿಯೇ ತಿನ್ನಬೇಕು. 1984ರಲ್ಲಿ ಎಡಿನ್‌ಬರೋದ ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯವರು ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆಂದು ಸಸ್ಯಾಹಾರಿ ಹ್ಯಾಗಿಸ್ ಮಾಡಿದರು. ಓಟ್ಸು, ಬೇಳೆ, ರಾಜ್ಮಾ, ಕ್ಯಾರೆಟ್ಟು, ಬೀಜಗಳು, ಎದ್ದು ಕಾಣುವ ಮೆಣಸಿನ ಖಾರ. ಈಗ ದೇಶದ ಬಹಳಷ್ಟು ಪಬ್ಬುಗಳಲ್ಲಿ ಇದು ಸಿಗುತ್ತದೆ. ಉದುರುದುರಾಗಿ, ಸ್ವಲ್ಪ ಒಣ ಪಲ್ಯದಂತೆ ಇರುತ್ತದೆ. ಜೊತೆಗೆ ಬರುವ 'ನೀಪ್ಸ್' ಹಳದಿ ಟರ್ನಿಪ್ಪಿನದು, 'ಟ್ಯಾಟೀಸ್' ಆಲೂಗಡ್ಡೆಯದು. ಎರಡನ್ನೂ ಕಿವುಚಿ ಬೆಣ್ಣೆ ಹಾಕಿರುತ್ತಾರೆ. ಮೇಲೆ ಸುರಿಯುವ ವಿಸ್ಕಿ ಸಾಸನ್ನು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ, ಬೇಡವಾದರೆ ಬಿಡಬಹುದು. ಗ್ರೇವಿಯನ್ನಂತೂ ಕೇಳದೆ ಮುಟ್ಟಬೇಡಿ, ಅದು ಸಾಮಾನ್ಯವಾಗಿ ದನದ ಮಾಂಸದ್ದು.

ಗ್ಲಾಸ್ಗೋದಿಂದ ಶುರು ಮಾಡೋಣ. ಸ್ಕಾಟ್ಲೆಂಡಿನಲ್ಲಿ ನಮ್ಮ ನಾಲಗೆಗೆ ಅತಿ ಹತ್ತಿರದ ಊರು ಇದು. ಇಲ್ಲಿನ ಕರಿ ಹೋಟೆಲುಗಳ ಬೇರು ಹೆಚ್ಚಾಗಿ ಪಂಜಾಬಿನದು, ಗಡಿಯ ಆಚೆಯದೂ ಈಚೆಯದೂ. ಪಾರ್ಕ್ ರಸ್ತೆಯ ಶೀಶ್ ಮಹಲ್ 1964ರಷ್ಟು ಹಳೆಯದು. ಚಿಕನ್ ಟಿಕ್ಕಾ ಮಸಾಲಾ ಹುಟ್ಟಿದ್ದೇ ತಮ್ಮಲ್ಲಿ ಎಂಬುದು ಅವರ ವಾದ. ಕೋಳಿ ಒಣಗಿದೆ ಎಂದು ಗಿರಾಕಿಯೊಬ್ಬ ದೂರಿದಾಗ ಟೊಮೆಟೊ ಸೂಪಿನಿಂದ ಸಾಸು ಮಾಡಿ ಸುರಿದರು ಎನ್ನುವ ಕಥೆ ಅಲ್ಲಿಯದು, ಒಪ್ಪದವರೂ ಬೇಕಾದಷ್ಟಿದ್ದಾರೆ. ನಮ್ಮ ಅಳತೆಯಲ್ಲಿ ಆ ತಿನಿಸು ಸಿಹಿ, ಕೆನೆ ಹೆಚ್ಚು. ಒಮ್ಮೆ ರುಚಿ ನೋಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕೆಲ್ವಿನ್‌ಗ್ರೋವ್ ಮ್ಯೂಸಿಯಂ ನೋಡಿ ಹೊರಬಂದರೆ ಎದುರಿಗೇ ಮದರ್ ಇಂಡಿಯಾಸ್ ಕೆಫೆ. ಸಣ್ಣ ಸಣ್ಣ ತಟ್ಟೆಗಳಲ್ಲಿ ಬಡಿಸುವ ಪದ್ಧತಿ. ನಾಲ್ವರಿಗೆ ಏಳೆಂಟು ತಟ್ಟೆ ಹೇಳಿ ಹಂಚಿಕೊಳ್ಳಬಹುದು. ಮನೆಯಲ್ಲಿ ಒಬ್ಬರು ಮಾಂಸಾಹಾರಿ, ಒಬ್ಬರು ಸಸ್ಯಾಹಾರಿ ಆದಾಗ ಇದಕ್ಕಿಂತ ಅನುಕೂಲ ಇಲ್ಲ. ನದಿಯ ದಕ್ಷಿಣಕ್ಕೆ ಪೊಲಕ್‌ಶಾಸ್ ರಸ್ತೆಯ ರಂಜಿತ್ಸ್ ಕಿಚನ್ ಪೂರ್ತಿ ಸಸ್ಯಾಹಾರಿ, ಪಂಜಾಬಿನ ಮನೆಯೂಟದ ದಾಲು, ರೊಟ್ಟಿ, ಸಬ್ಜಿ. ದೋಸೆಯ ನೆನಪು ಕಾಡಿದರೆ ಕ್ಯಾಂಡಲ್‌ರಿಗ್ಸ್ ಬೀದಿಯ ದಖಿನ್‌ನಲ್ಲಿ ದಕ್ಷಿಣ ಭಾರತದ ಅಡುಗೆ ಇದೆ. ಅಲ್ಲಿ ಗೋಧಿಯ ಅಂಶವೇ ಇಲ್ಲದ ಮೆನು. ಇಂಡಿಯನ್ ಹೋಟೆಲುಗಳಲ್ಲಿ ಒಂದು ಎಚ್ಚರ: ಸ್ಕಾಟ್ಲೆಂಡಿನವರಿಗೆ 'ಪಕೋಡ' ಎಂದರೆ ಈರುಳ್ಳಿಯದೇ ಆಗಬೇಕೆಂದಿಲ್ಲ. ಕೋಳಿ ಪಕೋಡ, ಮೀನು ಪಕೋಡ, ಹ್ಯಾಗಿಸ್ ಪಕೋಡ ಎಲ್ಲ ಇವೆ, ಎಲ್ಲದರ ಜೊತೆಗೂ ಅದೇ ಗುಲಾಬಿ ಬಣ್ಣದ ಸಾಸು. 'ವೆಜಿಟೇಬಲ್ ಪಕೋಡ' ಎಂದು ಒತ್ತಿ ಹೇಳಿ.

ಸ್ಕಾಟಿಷ್ ಅಡುಗೆಯನ್ನೇ ಕೂತು ಉಣ್ಣಬೇಕೆಂದರೆ ಆಶ್ಟನ್ ಲೇನಿನ ಯುಬಿಕ್ವಿಟಸ್ ಚಿಪ್. 1971ರಲ್ಲಿ ಶುರುವಾದದ್ದು; ಸ್ಕಾಟ್ಲೆಂಡಿನದೇ ಮೀನು, ಮಾಂಸ, ತರಕಾರಿಗೆ ಊರ ಹೆಸರಿನ ಸಮೇತ ಮೆನುವಿನಲ್ಲಿ ಮರ್ಯಾದೆ ತಂದುಕೊಟ್ಟ ಹೋಟೆಲುಗಳಲ್ಲಿ ಇದು ಮೊದಲ ಸಾಲಿನದು. ಮೇಲಿನ ಬ್ರಾಸರಿಯಲ್ಲಿ, ಅಂದರೆ ಸಾದಾ ಊಟದ ಕೋಣೆಯಲ್ಲಿ ಕೂತರೆ ಖರ್ಚು ಕಡಿಮೆ. ಸಾಕಿಹಾಲ್ ಬೀದಿಯಲ್ಲಿ ಮ್ಯಾಕಿಂಟಾಷ್ ಅಟ್ ದ ವಿಲ್ಲೋ ಇದೆ. 1903ರಲ್ಲಿ ಚಹಾ ಅಂಗಡಿಗಳ ಒಡತಿ ಮಿಸ್ ಕ್ರ್ಯಾನ್‌ಸ್ಟನ್ ಅವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ರೆನೀ ಮ್ಯಾಕಿಂಟಾಷ್ ಕುರ್ಚಿಯಿಂದ ಕಿಟಕಿಯವರೆಗೆ ವಿನ್ಯಾಸ ಮಾಡಿದ ಚಹಾ ಅಂಗಡಿ. ಹೋಗುವುದು ಆ ಕೋಣೆಗಳನ್ನು ನೋಡಲಿಕ್ಕೆ. ಆಫ್ಟರ್‌ನೂನ್ ಟೀ ಹೇಳುವುದಾದರೆ ವೀಗನ್ ಬಗೆಯನ್ನು ಬುಕಿಂಗ್ ಮಾಡುವಾಗಲೇ ತಿಳಿಸಿ. ಮಾಮೂಲಿ ತಟ್ಟೆಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ಬರುವುದು ಹೆಚ್ಚುಕಡಿಮೆ ಖಚಿತ.

ಓಬನ್‌ಗೆ ಹೋಗುವಾಗ ಲಾಕ್ ಲೋಮಂಡ್ ಸರೋವರದ ಪಕ್ಕದ ಎ82 ರಸ್ತೆಯಲ್ಲಿ ಸುಮಾರು ಒಂದೂವರೆ ಗಂಟೆ ಕಳೆದ ಮೇಲೆ ಟೈಂಡ್ರಮ್ ಎಂಬ ಪುಟ್ಟ ಊರು. ಅಲ್ಲಿ ರಿಯಲ್ ಫುಡ್ ಕೆಫೆ ಇದೆ, 2005ರಿಂದ, ಮೀನು-ಚಿಪ್ಸಿಗೆ ಹೆಸರುವಾಸಿ. ಅದೇ ಊರಿನ ಗ್ರೀನ್ ವೆಲ್ಲಿ ಸ್ಟಾಪಿನಲ್ಲಿ ಪೆಟ್ರೋಲು, ಶೌಚಾಲಯ, ಊಟ ಮೂರೂ ಒಂದೇ ಕಡೆ. ಇಲ್ಲಿಂದ ಮುಂದೆ ದಾರಿಯಲ್ಲಿ ಬಹಳ ಹೊತ್ತು ಏನೂ ಸಿಗುವುದಿಲ್ಲ. ಹಸಿವಿಲ್ಲದಿದ್ದರೂ ನಿಲ್ಲಿಸಿ.

ಚಿಪ್ಪಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಚಿಪ್ಪಿ ಅಂದರೆ ನಮ್ಮ ಕಪ್ಪೆಚಿಪ್ಪಲ್ಲ, ಮೀನು-ಚಿಪ್ಸಿನ ಅಂಗಡಿ. ಅಲ್ಲಿ 'ಫಿಶ್ ಸಪ್ಪರ್' ಎಂದರೆ ಮೀನು ಜೊತೆಗೆ ಆಲೂಗಡ್ಡೆ. 'ಸಪ್ಪರ್' ಎಂದಕೂಡಲೇ ಚಿಪ್ಸ್ ಸೇರುತ್ತದೆ, ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ. ಮೀನೊಂದೇ ಸಾಕಾದರೆ 'ಸಿಂಗಲ್ ಫಿಶ್' ಎನ್ನಬೇಕು. ಇಂಗ್ಲೆಂಡಿನಲ್ಲಿ ಕಾಡ್ ಮೀನು ಹೆಚ್ಚಾದರೆ ಇಲ್ಲಿ ಹ್ಯಾಡಕ್. ಹ್ಯಾಡಕ್‌ನ ತಿರುಳು ತುಸು ಸಿಹಿ, ಪದರ ಸಣ್ಣ. ಹಿಟ್ಟು ಗರಿಗರಿ ಇರುವುದು ಎಣ್ಣೆಯಿಂದ ತೆಗೆದ ಹತ್ತು ನಿಮಿಷ ಮಾತ್ರ. ಡಬ್ಬಿಯ ಮುಚ್ಚಳ ಹಾಕಿ ಕಾರಿನಲ್ಲಿಟ್ಟು ಚಂದದ ಜಾಗ ಹುಡುಕುತ್ತ ಹೊರಟರೆ ಒಳಗಿನ ಹಬೆಗೆ ಹಿಟ್ಟು ಬೆಂದ ಬಟ್ಟೆಯಂತೆ ಮೆತ್ತಗಾಗಿ ಮೀನಿನಿಂದ ಕಳಚಿಕೊಳ್ಳುತ್ತದೆ. ಅಂಗಡಿಯ ಎದುರಿನ ಬೆಂಚಿನ ಮೇಲೆ ಕೂತು, ಮುಚ್ಚಳ ತೆರೆದೇ ತಿನ್ನಿ. ಕಡಲಹಕ್ಕಿಯ ಕಡೆ ಒಂದು ಕಣ್ಣಿರಲಿ. ಬಂದರಿನ ಊರುಗಳಲ್ಲಿ ಅವು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಮಗನಿಗೆ ಮೊದಲೇ ಹೇಳಿಟ್ಟಿರಿ. ನಾಲ್ವರಿಗೆ ನಾಲ್ಕು ಸಪ್ಪರ್ ಬೇಡ. ಮೀನಿನ ತುಂಡು ದೊಡ್ಡದು, ಚಿಪ್ಸ್ ರಾಶಿ. ಒಂದಕ್ಕೆ ಹತ್ತರಿಂದ ಹದಿನೈದು ಪೌಂಡಿನ ಆಸುಪಾಸು.

ಸಸ್ಯಾಹಾರಿಗೆ ಚಿಪ್ಪಿ ಕಷ್ಟದ ಜಾಗ. ಕೆಲವರು ಕರಿಯುವುದೇ ದನದ ಕೊಬ್ಬಿನಲ್ಲಿ, ಅದನ್ನು 'ಬೀಫ್ ಡ್ರಿಪಿಂಗ್' ಎನ್ನುತ್ತಾರೆ. ಹಾಗಿದ್ದರೆ ನಿಮಗೂ ಅದು ಬೇಡ. ಉಳಿದವರಲ್ಲಿ ಎಣ್ಣೆ ಸಸ್ಯಜನ್ಯವಾದರೂ ಬಾಣಲೆ ಒಂದೇ ಆಗಿರಬಹುದು, ಅದರಲ್ಲೇ ಮೀನು, ಅದರಲ್ಲೇ ಸಾಸೇಜು. 'ವಾಟ್ ಡು ಯು ಫ್ರೈ ಇನ್?' ಮತ್ತು 'ಸೆಪರೇಟ್ ಫ್ರಯರ್ ಫಾರ್ ಚಿಪ್ಸ್?' ಎಂಬ ಎರಡು ಪ್ರಶ್ನೆ ಸಾಕು. ಮೇಲೆ ಏನು ಹಾಕಲಿ ಎಂದು ಕೇಳುವುದರಲ್ಲೂ ಊರಿನ ಜಾತಿ ತಿಳಿಯುತ್ತದೆ: ಗ್ಲಾಸ್ಗೋ ಕಡೆ 'ಸಾಲ್ಟ್ ಆ್ಯಂಡ್ ವಿನೆಗರ್', ಎಡಿನ್‌ಬರೋದಲ್ಲಿ 'ಸಾಲ್ಟ್ ಆ್ಯಂಡ್ ಸಾಸ್'. ಆ ಸಾಸು ಕಂದು ಬಣ್ಣದ ಹುಳಿ ಸಾಸಿಗೆ ವಿನೆಗರ್ ಬೆರೆಸಿ ತೆಳ್ಳಗೆ ಮಾಡಿದ್ದು. ಹುಣಸೆಹುಳಿಯ ಅಭ್ಯಾಸ ಇರುವವರಿಗೆ ಎಡಿನ್‌ಬರೋ ಪದ್ಧತಿಯೇ ಹಿಡಿಸುತ್ತದೆ.

ಓಬನ್‌ನಲ್ಲಿ ದೋಣಿ ಹೊರಡುವ ಕಟ್ಟೆಯ ಪಕ್ಕದಲ್ಲೇ ಹಸಿರು ಬಣ್ಣದ ಗೂಡಂಗಡಿ, ಓಬನ್ ಸೀಫುಡ್ ಹಟ್. ನಿಮಗೆ ಇಡೀ ಪ್ರವಾಸದಲ್ಲಿ ಕೊಟ್ಟ ಕಾಸಿಗೆ ಹೆಚ್ಚು ರುಚಿ ಸಿಗುವ ಜಾಗ ಇದೇ ಇದ್ದೀತು. ಒಳಗೆ ಕೂರಲು ಜಾಗವಿಲ್ಲ. ಹೊರಗಿನ ಮೇಜನ್ನು ಅಪರಿಚಿತರ ಜೊತೆ ಹಂಚಿಕೊಳ್ಳಬೇಕು, ಮಳೆ ಬಂದರೆ ನೆನೆಯಬೇಕು. ಮಸ್ಸೆಲ್ ಎಂದರೆ ಕರಾವಳಿಯವರ ನೀಲಿಕಲ್ಲಿನ ನೆಂಟ. ಹಗ್ಗಕ್ಕೆ ಕಟ್ಟಿ ಬೆಳೆಸಿದ್ದಾದ್ದರಿಂದ ಮರಳು ಸಿಗುವುದಿಲ್ಲ. ಬೆಳ್ಳುಳ್ಳಿ, ಬೆಣ್ಣೆ ಹಾಕಿ ಬೇಯಿಸಿಕೊಡುತ್ತಾರೆ. ಬಾಯಿ ಬಿಡದ ಚಿಪ್ಪನ್ನು ಬಿಚ್ಚಲು ಹೆಣಗಾಡದೆ ಪಕ್ಕಕ್ಕಿಡಿ. ಲಾಂಗುಸ್ಟೀನ್ ನೋಡಲು ಸಪೂರ ಲಾಬ್‌ಸ್ಟರ್. ಪಶ್ಚಿಮ ಕರಾವಳಿಯ ಮೀನುಗಾರರು ಅದನ್ನೇ 'ಪ್ರಾನ್' ಎನ್ನುವುದರಿಂದ ಸಿಗಡಿ ಎಂದುಕೊಂಡು ಬೆಚ್ಚಬೇಡಿ. ಬಾಲದ ಚಿಪ್ಪನ್ನು ಎರಡೂ ಬದಿಯಿಂದ ಒತ್ತಿ, ಹೊಟ್ಟೆಯ ಕಡೆಯಿಂದ ಬಿಡಿಸಿದರೆ ತಿರುಳು ಇಡಿಯಾಗಿ ಬರುತ್ತದೆ. ಇದೆಲ್ಲ ಹಗಲಿನ ವ್ಯಾಪಾರ. ಸಂಜೆ ಹೋದರೆ ಬಾಗಿಲು ಹಾಕಿರುತ್ತಾರೆ. ರಾತ್ರಿಗೆ ನಾರ್ತ್ ಪಿಯರ್‌ನ ಈ-ಉಸ್ಕ್ ಇದೆ, ಆದರೆ ಹೆಸರಿನ ಅರ್ಥವೇ ಅಲ್ಲಿನ ಹಳೆಯ ಭಾಷೆ ಗೇಲಿಕ್‌ನಲ್ಲಿ 'ಮೀನು'. ಮನೆಯವರಿಗೆ ಏನು ಕೊಡುತ್ತೀರಿ ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಮೀನಿನ ಹೋಟೆಲುಗಳಲ್ಲಿ ನಿಮಗೂ ಒಂದು ಬಲೆ ಇದೆ. ಸ್ಕ್ಯಾಲಪ್ ಎಂಬ ಕಡಲ ಚಿಪ್ಪಿನ ತಿರುಳು ಹೇಳಿದರೆ ಅದರ ಕೆಳಗೆ ಕಪ್ಪು ಬಿಲ್ಲೆಯೊಂದು ಬರುವುದು ಬಲು ಸಾಮಾನ್ಯ. ಅದು ಬ್ಲ್ಯಾಕ್ ಪುಡಿಂಗ್, ರಕ್ತದಿಂದ ಮಾಡಿದ್ದು. ಲೂಯಿಸ್ ದ್ವೀಪದ ಸ್ಟೋರ್ನವೇಯದು ಪ್ರಸಿದ್ಧ. ಮೀನಿನ ಚೌಡರ್ ಸೂಪುಗಳಿಗೆ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸ, ಬೀಳುವುದೂ ಉಂಟು. ನಿರಾತಂಕವಾಗಿ ಹೇಳಬಹುದಾದ್ದು ಕಲ್ಲೆನ್ ಸ್ಕಿಂಕ್: ಹೊಗೆಯಾಡಿಸಿದ ಹ್ಯಾಡಕ್, ಆಲೂಗಡ್ಡೆ, ಈರುಳ್ಳಿ, ಹಾಲು, ಅಷ್ಟೇ. ಒಳ್ಳೆಯ ಸ್ಕಿಂಕ್‌ನಲ್ಲಿ ಮೀನು ದೊಡ್ಡ ಪದರಗಳಾಗಿ ಕಾಣಬೇಕು, ಆಲೂಗಡ್ಡೆ ಅರ್ಧ ಕಿವುಚಿರಬೇಕು, ಆ ಪಿಷ್ಟದಿಂದಲೇ ಸೂಪು ದಪ್ಪಗಾಗಿರಬೇಕು. ಅಂಟಂಟಾಗಿ ಗಂಜಿಯಂತಿದ್ದರೆ ಮೈದಾ ಹಾಕಿದ್ದಾರೆ. ಕಡುಹಳದಿ ಇದ್ದರೆ ಬಣ್ಣ ಹಾಕಿದ ಮೀನು. ಬಣ್ಣವಿಲ್ಲದ್ದು ಮಾಸಲು ಕೆನೆ ಬಣ್ಣಕ್ಕಿರುತ್ತದೆ. ಬ್ರೆಡ್ಡಿನ ಜೊತೆ ಅದೇ ಒಂದು ಮಧ್ಯಾಹ್ನದ ಊಟ.

ಓಬನ್‌ನಿಂದ ಮಲ್ ದ್ವೀಪಕ್ಕೆ ಹೋಗಿಬರುವ ಮನಸ್ಸಾದರೆ ಕ್ಯಾಲ್‌ಮ್ಯಾಕ್ ಕಂಪನಿಯ ದೋಣಿಯ ಕ್ಯಾಂಟೀನಿನ ಮ್ಯಾಕರೋನಿ ಚೀಸ್ ಸವಿಯಿರಿ. ಆ ದೋಣಿಗಳಲ್ಲಿ ಓಡಾಡುವವರು ಅದನ್ನು ಹೊಗಳದೆ ಇರುವುದಿಲ್ಲ. ಮೊಟ್ಟೆಯ ವಿಚಾರ ಅಲರ್ಜೆನ್ ಪಟ್ಟಿಯಲ್ಲಿ ನೋಡಿಕೊಳ್ಳಿ.

ಸ್ಕೈ ದ್ವೀಪದಲ್ಲಿ ಊಟವೇ ಪ್ರವಾಸದ ಅತಿ ಕಠಿಣ ಭಾಗ. ಪ್ರವಾಸಿಗರು ಸಾವಿರ, ಮೇಜು ಕೆಲವೇ. ಪೋರ್ಟ್ರೀಯಲ್ಲಿ ಬುಕಿಂಗ್ ಇಲ್ಲದೆ ಏಳು ಗಂಟೆಗೆ ಬೀದಿ ಸುತ್ತುವವರು ಕೊನೆಗೆ ಸೂಪರ್‌ಮಾರ್ಕೆಟ್ಟಿನ ತಣ್ಣನೆ ಸ್ಯಾಂಡ್‌ವಿಚ್ಚಿಗೆ ಬರುತ್ತಾರೆ. ಅದನ್ನೇ ಯೋಜನೆ ಮಾಡಿ ಮಾಡಿದರೆ ನಷ್ಟವಿಲ್ಲ: ಇಲ್ಲಿ ಎರಡು ರಾತ್ರಿಗೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಪೋರ್ಟ್ರೀ, ಬ್ರಾಡ್‌ಫರ್ಡ್ ಎರಡೂ ಕಡೆ ಕೋ-ಆಪ್ ಸೂಪರ್‌ಮಾರ್ಕೆಟ್ ಇದೆ, ಅಕ್ಕಿ, ಮೊಸರು, ತರಕಾರಿ ಸಿಗುತ್ತವೆ. ಹೊರಗಿನ ಊಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬ್ರಾಡ್‌ಫರ್ಡ್‌ನ ಕೆಫೆ ಸಿಯಾದಲ್ಲಿ ಕಟ್ಟಿಗೆ ಒಲೆಯ ಪಿಜ್ಜಾ. ಹೆಂಡತಿ, ಮಗ ಇಬ್ಬರಿಗೂ ಆಗುತ್ತದೆ. ಟಾಲಿಸ್ಕರ್ ವಿಸ್ಕಿ ಕಾರ್ಖಾನೆ ಇರುವ ಕಾರ್‌ಬಾಸ್ಟ್‌ನಲ್ಲಿ, ಗುಡ್ಡದ ಮೇಲೆ ಆಯ್ಸ್ಟರ್ ಶೆಡ್; ಕಡಲ ಚಿಪ್ಪುಗಳನ್ನು ನಿಂತೇ ತಿನ್ನುವ ಜಾಗ, ನಿಮಗೆ ಮಾತ್ರ. ದೊಡ್ಡ ಊಟ ಬೇಕಾದರೆ ಕಾಲ್‌ಬಾಸ್ಟ್‌ನ ತ್ರೀ ಚಿಮ್ನೀಸ್, 1985ರಿಂದ ಹೆಸರಾದದ್ದು. ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು, ದುಬಾರಿ. ಅದಕ್ಕೂ ಮುಖ್ಯವಾಗಿ, ಡನ್‌ವೇಗನ್‌ನಿಂದ ಅಲ್ಲಿಗೆ ಒಂದೇ ವಾಹನ ಹಿಡಿಸುವ ರಸ್ತೆ. ಕತ್ತಲಲ್ಲಿ, ಮಳೆಯಲ್ಲಿ, ರಸ್ತೆ ಮೇಲೆ ಮಲಗಿದ ಕುರಿಗಳ ನಡುವೆ ಪೋರ್ಟ್ರೀಗೆ ವಾಪಸಾಗುವುದು ಹೊಸಬರಿಗೆ ಹಿತವಲ್ಲ. ಹೋಗುವುದಾದರೆ ಮಧ್ಯಾಹ್ನದ ಊಟಕ್ಕೆ ಹೋಗಿ.

ಕಾರು ಓಡಿಸುವವರು ಒಂದು ಲೋಟ ಬಿಯರನ್ನೂ ಮುಟ್ಟದಿರುವುದೇ ಲೇಸು. 2014ರ ಡಿಸೆಂಬರಿನಿಂದ ಸ್ಕಾಟ್ಲೆಂಡಿನ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನದು 80. ಇಂಗ್ಲೆಂಡಿನಲ್ಲಿರುವ ನೆಂಟರು 'ಒಂದು ಪೈಂಟ್ ಪರವಾಗಿಲ್ಲ' ಎಂದು ಹೇಳಿಕೊಟ್ಟ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೀರು ಕೇಳುವಾಗ 'ಟ್ಯಾಪ್ ವಾಟರ್' ಎನ್ನಿ. ಮದ್ಯದ ಲೈಸೆನ್ಸ್ ಇರುವ ಹೋಟೆಲುಗಳು ಅದನ್ನು ಬಿಟ್ಟಿಯಾಗಿ ಕೊಡಲೇಬೇಕು. ಬರೀ 'ವಾಟರ್' ಎಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸುತ್ತಾರೆ. ಮಗನನ್ನು ಪಬ್ಬಿನೊಳಗೆ ಬಿಡುವುದು ಆಯಾ ಪಬ್ಬಿನ ಲೈಸೆನ್ಸಿನ ಮೇಲೆ ನಿಂತಿದೆ. ಊಟ ಕೊಡುವ ಕಡೆ ಸಂಜೆ ಎಂಟರವರೆಗೆ ಸಾಮಾನ್ಯವಾಗಿ ಬಿಡುತ್ತಾರೆ, ಬಾಗಿಲಲ್ಲೇ ಕೇಳಿಬಿಡಿ.

ಇನ್ವರ್ನೆಸ್‌ಗೆ ಒಂದು ರಾತ್ರಿ ಸಾಕು. ನೆಸ್ ನದಿಯ ದಂಡೆಯಲ್ಲಿ ಹಳೆಯ ಚರ್ಚಿನ ಕಟ್ಟಡದಲ್ಲಿರುವ ಮಸ್ಟರ್ಡ್ ಸೀಡ್ ಕೂತು ಉಣ್ಣಲು ಚೆನ್ನ. ನಾಲ್ವರಿಗೆ ನಾಲ್ಕು ರುಚಿ ಬೇಕಾದ ದಿನ ವಿಕ್ಟೋರಿಯನ್ ಮಾರ್ಕೆಟ್ಟಿನ ಫುಡ್ ಹಾಲಿಗೆ ಹೋಗಿ, ಬೇರೆ ಬೇರೆ ಅಂಗಡಿಯಿಂದ ತಂದು ಒಂದೇ ಮೇಜಿನಲ್ಲಿ ತಿನ್ನಬಹುದು. ಮರುದಿನ ಎ9ರಲ್ಲಿ ಇಳಿಯುವಾಗ ಬ್ಲೇರ್ ಆಥಲ್ ಹತ್ತಿರ ಹೌಸ್ ಆಫ್ ಬ್ರುವಾರ್. ನೋಡಲು ಬಟ್ಟೆ ಅಂಗಡಿ; ಒಳಗೆ ದೊಡ್ಡ ಆಹಾರ ಮಳಿಗೆ, ಊಟದ ಹಾಲು. ಟ್ಯಾಬ್ಲೆಟ್ ಎಂಬ ಸಿಹಿಯನ್ನು ಊರಿಗೆ ಇಂಥ ಕಡೆ ಕೊಳ್ಳಿ. ಸಕ್ಕರೆ, ಬೆಣ್ಣೆ, ಮಂದ ಹಾಲು ಕುದಿಸಿ ಮಗುಚಿದ್ದು. ನಮ್ಮ ಬರ್ಫಿಯ ಹಾಗೆ ಮರಳುಮರಳು, ಮೊಟ್ಟೆಯಿಲ್ಲ. ಶಾರ್ಟ್‌ಬ್ರೆಡ್ಡೂ ಅಷ್ಟೆ: ಒಂದು ಭಾಗ ಸಕ್ಕರೆ, ಎರಡು ಬೆಣ್ಣೆ, ಮೂರು ಹಿಟ್ಟು.

ಒಂದು ದಿನ ಮಿಗಿಸಿಕೊಂಡರೆ ಪೂರ್ವ ಕರಾವಳಿಯ ಆರ್‌ಬ್ರೋತ್ ಬಿಡಬೇಡಿ. ಅಲ್ಲಿನ ಸ್ಮೋಕಿಗೆ, ಅಂದರೆ ಹೊಗೆಯಲ್ಲಿ ಬೇಯಿಸಿದ ಹ್ಯಾಡಕ್‌ಗೆ, 2004ರಿಂದ ಭೌಗೋಳಿಕ ರಕ್ಷಣೆಯಿದೆ, ಊರಿಂದ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹ್ಯಾಡಕ್‌ಗಳಿಗೆ ಉಪ್ಪು ಹಚ್ಚಿ, ಬಾಲಕ್ಕೆ ಬಾಲ ಕಟ್ಟಿ ಜೋಡಿಯಾಗಿ ಕೋಲಿಗೆ ನೇತುಹಾಕಿ, ಗಟ್ಟಿಮರದ ಬೆಂಕಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ಗೋಣಿ ಒಣಗಿದರೆ ಬೆಂಕಿ ಭುಗಿಲೇಳುತ್ತದೆ, ಮೀನು ಸುಡುತ್ತದೆ. ಹಾಗಾಗಿ ಒದ್ದೆತನ ಕಾಯುವುದೇ ಕಸುಬು. ಬಿಸಿಹೊಗೆಯಲ್ಲೇ ಬೆಂದಿರುವುದರಿಂದ ಮತ್ತೆ ಬೇಯಿಸದೆ, ಕೈಯಲ್ಲೇ ಮುಳ್ಳು ಬಿಡಿಸಿ ತಿನ್ನಬಹುದು. ಪಕ್ಕದ ಆಖ್‌ಮಿಥೀ ಹಳ್ಳಿಯ ಬಟ್ ಆ್ಯಂಡ್ ಬೆನ್ ಈ ಮೀನಿನ ಅಡುಗೆಗೇ ಹೆಸರಾದ ಹೋಟೆಲು.

ಎಡಿನ್‌ಬರೋದಲ್ಲಿ ರಾಯಲ್ ಮೈಲ್ ಬೀದಿಯಲ್ಲಿ ನಡೆದಾಡಿ, ಅಲ್ಲಿ ಊಟ ಮಾತ್ರ ಬೇಡ; ಬ್ಯಾಗ್‌ಪೈಪಿನ ಬೆಲೆಯೂ ಬಿಲ್ಲಿನಲ್ಲಿರುತ್ತದೆ. ಅಲ್ಲಿಂದ ಇಳಿಜಾರಿನ ಕಾಕ್‌ಬರ್ನ್ ಬೀದಿಯಲ್ಲಿ ಬೇಕ್ಡ್ ಪೊಟೇಟೊ ಶಾಪ್ ಎಂಬ ಪುಟ್ಟ ಅಂಗಡಿ, ಪೂರ್ತಿ ಸಸ್ಯಾಹಾರಿ. ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗಡ್ಡೆಯನ್ನು ಸೀಳಿ ಒಳಗೆ ಬೀನ್ಸೋ ಪಲ್ಯವೋ ಸಸ್ಯಾಹಾರಿ ಹ್ಯಾಗಿಸೋ ತುಂಬಿಕೊಡುತ್ತಾರೆ. ನಿಮ್ಮ ಚಟ್ನಿಪುಡಿ ಹೊರಬರಬೇಕಾದ್ದು ಇಲ್ಲಿ, ಮೇಲೊಂದು ತುಂಡು ಬೆಣ್ಣೆ. ಇದು ಸಿಗುವುದು ಇಲ್ಲಿ ಮಾತ್ರವಲ್ಲ; ದೇಶದ ಯಾವ ಮೂಲೆಯ ಕೆಫೆಯಲ್ಲೂ 'ಜ್ಯಾಕೆಟ್ ಪೊಟೇಟೊ ವಿತ್ ಬೀನ್ಸ್' ಎಂದರೆ ಮೊಟ್ಟೆಯಿಲ್ಲದ ಬಿಸಿ ಊಟ ಬಂತು. ಸೇಂಟ್ ಆ್ಯಂಡ್ರ್ಯೂ ಸ್ಕ್ವೇರಿನ ದಿಶೂಮ್‌ನಲ್ಲಿ ರಾತ್ರಿ ಸರದಿ ಉದ್ದ, ಬೆಳಗಿನ ತಿಂಡಿಗೆ ಅಥವಾ ಮಧ್ಯಾಹ್ನಕ್ಕೆ ಹೋಗಿ. 24 ಗಂಟೆ ಬೇಯಿಸುವ ಕಪ್ಪು ದಾಲು ಅಲ್ಲಿನ ಗುರುತು. ಮೀನಿಗೆ ಲೀತ್ ಬಂದರು. 2023ರಿಂದ ಟ್ರಾಮ್ ಅಲ್ಲಿಯವರೆಗೂ ಓಡುತ್ತದೆ, 'ದ ಶೋರ್' ನಿಲ್ದಾಣದಲ್ಲಿ ಇಳಿದರೆ ಫಿಶರ್ಸ್ ನಡೆಯುವ ದೂರ. ಅದೇ ಬಂದರಿನಲ್ಲಿ 2006ರಲ್ಲಿ ಶುರುವಾದ, ಬಾಣಸಿಗ ಟಾಮ್ ಕಿಚಿನ್ ಅವರ 'ದ ಕಿಚಿನ್' ಮಿಷೆಲಿನ್ ತಾರೆಯ ಹೋಟೆಲು. ಒಮ್ಮೆ ಹೋಗಲೇಬೇಕೆಂದರೆ ಅಲ್ಲೂ ಮಧ್ಯಾಹ್ನದ ಸೆಟ್ ಮೆನು ನೋಡಿ.

ಬೆಳಗಿನ ತಿಂಡಿಯ ಮಾತು ಮರೆತೆ. ಬಿ ಆ್ಯಂಡ್ ಬಿಗಳಲ್ಲಿ, ಅಂದರೆ ತಿಂಡಿ ಸಮೇತ ಕೋಣೆ ಕೊಡುವ ಮನೆಗಳಲ್ಲಿ, ತಿಂಡಿ ಒಂಬತ್ತಕ್ಕೆ ಮುಗಿಯುತ್ತದೆ. ಏನು ಬೇಕೆಂದು ಹಿಂದಿನ ರಾತ್ರಿಯೇ ಹೇಳಬೇಕು. ಮನೆಯವರಿಗೆ ಓಟ್ಸ್ ಗಂಜಿ, ಜೊತೆಗೆ ಅಣಬೆ, ಟೊಮೆಟೊ, ಬೀನ್ಸ್, ಟ್ಯಾಟಿ ಸ್ಕೋನ್ ಎಂಬ ಆಲೂಗಡ್ಡೆ ರೊಟ್ಟಿ. 'ಬೇಕನ್ ಹುರಿದ ಬಾಣಲೆ ಬೇಡ, ಬೇರೆ ಬಾಣಲೆ' ಎಂದು ಸೇರಿಸಿ. ಮುಖ ಸಿಂಡರಿಸುವವರು ಕಡಿಮೆ. ಹೋಟೆಲಿನ ಬಾಗಿಲ ಮೇಲೆ ನೈರ್ಮಲ್ಯದ ಚೀಟಿ ಅಂಟಿಸಿರುತ್ತಾರೆ: ಸ್ಕಾಟ್ಲೆಂಡಿನಲ್ಲಿ ಇಂಗ್ಲೆಂಡಿನ ಹಾಗೆ ಅಂಕಗಳಿಲ್ಲ, 'ಪಾಸ್' ಅಥವಾ 'ಇಂಪ್ರೂವ್‌ಮೆಂಟ್ ರಿಕ್ವೈರ್ಡ್' ಅಷ್ಟೇ. ಟಿಪ್ಸ್ ಹತ್ತು ಪ್ರತಿಶತ ಸಾಕು, ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಮತ್ತೆ ಕೊಡಬೇಡಿ.

ಈ ವಾರವೇ ಮಾಡಬೇಕಾದ ಬುಕಿಂಗ್ ಎರಡು: ಸ್ಕೈನಲ್ಲಿ ಅಡುಗೆಮನೆ ಇರುವ ವಸತಿ, ಓಬನ್‌ನಲ್ಲಿ ಸಂಜೆ ಆರೂವರೆಯ ಮೇಜು. ಕಾರ್ಡಿನ ವಿವರ ಕೇಳುತ್ತಾರೆ. ಬಾರದಿದ್ದರೆ ತಲೆಗಿಷ್ಟು ಎಂದು ಹಣ ಹಿಡಿಯುವ ಕರಾರು ಇರುತ್ತದೆ. ಯೋಜನೆ ಬದಲಾದರೆ ಎರಡು ದಿನ ಮುಂಚೆಯೇ ರದ್ದು ಮಾಡಿಸಿ. ಗ್ಲಾಸ್ಗೋದ ಊಟಗಳನ್ನು ಮಗಳಿಗೆ ಬಿಡಿ.